ಹೊಲ ಉಳಿಸುವ ಹಣ: ಯಾವ ಸಂಘದ ಕೈಗೆ, ಯಾವ ತಾಕಿಗೆ ಮೊದಲು?

ಮಂಡ್ಯ ಜಿಲ್ಲೆಯಲ್ಲಿ ಹೊಲ ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ನಾಗಮಂಗಲದ ಕಡೆಯ ಖುಷ್ಕಿಯಲ್ಲಿ ಇಳಿಜಾರಿನ ಕೆಂಪು ಮರಳುಮಣ್ಣನ್ನು ಮಳೆ ಹೊತ್ತೊಯ್ಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ತಗ್ಗುಗಳಲ್ಲಿ ನೀರು ಹೊರಹೋಗಲು ದಾರಿಯಿಲ್ಲದೆ ನಿಂತು, ಗದ್ದೆ ಜೌಗಾಗಿ, ಆಮೇಲೆ ಉಪ್ಪು, ಕ್ಷಾರ ಏರಿ ಚೌಳಾಗುತ್ತದೆ. ಒಂದು ಕಡೆ ನೀರನ್ನು ತಡೆಯಬೇಕು, ಇನ್ನೊಂದು ಕಡೆ ಹರಿಯಬಿಡಬೇಕು. ಇಷ್ಟು ವಿರುದ್ಧವಾದ ಎರಡು ಕೆಲಸಕ್ಕೆ ಒಂದೇ ಸಂಘ, ಒಂದೇ ಹಂಚಿಕೆಯ ಲೆಕ್ಕ ಹೊಂದುವುದಿಲ್ಲ. ಆದರೂ ಹಣ ಬಂತು ಎಂದ ಕೂಡಲೇ ಏಳುವ ಪ್ರಶ್ನೆ "ಯಾರ ಖಾತೆಗೆ ಹಾಕೋಣ?" ಎನ್ನುವುದೇ. ಅದು ಎರಡನೇ ಪ್ರಶ್ನೆ. ಈ ಊರಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಹೋಗುವಾಗ ಯಾರ ಹೊಲವನ್ನು ಕೆಡಿಸುತ್ತದೆ ಎನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕರೆ ಸಂಘದ ಆಯ್ಕೆ ಅರ್ಧ ಮುಗಿದಂತೆ.

ಹುಟ್ಟೂರಿಗೆ ಏನಾದರೂ ಮಾಡಬೇಕೆಂದು ಹಣ ಕೂಡಿಸಿರುವ ಗೆಳೆಯರ ಗುಂಪು, ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ, ಹಣಕ್ಕೆ ಜಾಗ ಹುಡುಕುತ್ತಿರುವ ಕಂಪನಿಯವರು, ಮುಂದಿನ ವರ್ಷದ ಕ್ರಿಯಾಯೋಜನೆ ಬರೆಯಬೇಕಾದ ಪಂಚಾಯಿತಿ ಸದಸ್ಯರು: ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಲಕ್ಷಗಟ್ಟಲೆ ಹಣ ಬದು, ಹೊಂಡ, ಸಸಿಗಳ ಹೆಸರಿನಲ್ಲಿ ಬಂದು ಎರಡು ಮಳೆಗಾಲದಲ್ಲಿ ಗುರುತೇ ಇಲ್ಲದಂತೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದರಲ್ಲಿ ಬಹುಪಾಲು ಕಳ್ಳತನವೇನಲ್ಲ. ಹೊಂದದ ಕೆಲಸವನ್ನು ಹೊಂದದ ಸಂಘಕ್ಕೆ ಒಪ್ಪಿಸಿದ್ದರ ಫಲ.

ಗ್ರಾಮ ಪಂಚಾಯಿತಿ

ಕೂಲಿ ಹೆಚ್ಚು, ಸಾಮಗ್ರಿ ಕಡಿಮೆ ಬೇಡುವ ಕೆಲಸಕ್ಕೆ ಪಂಚಾಯಿತಿಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಹಾಕಿಕೊಟ್ಟ ಲೆಕ್ಕವೇ ಅಂಥದ್ದಾಗಿತ್ತು: ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಹೆಚ್ಚೆಂದರೆ ಶೇ 40, ಗುತ್ತಿಗೆದಾರರು ಬರುವ ಹಾಗಿರಲಿಲ್ಲ, ಕೂಲಿಯವರ ಕೆಲಸ ಕಿತ್ತುಕೊಳ್ಳುವ ಯಂತ್ರ ಇಳಿಸುವ ಹಾಗಿರಲಿಲ್ಲ. ಕಂದಕ ಬದು, ಗೋಕಟ್ಟೆ, ಹೊಲದಂಚಿನ ಗಿಡ, ಕೃಷಿ ಹೊಂಡ ಈ ಚೌಕಟ್ಟಿಗೆ ಸರಿಯಾಗಿ ಕೂರುತ್ತವೆ. ಪರಿಶಿಷ್ಟರು, ಸಣ್ಣ ಮತ್ತು ಅತಿಸಣ್ಣ ರೈತರ ಸ್ವಂತ ಜಮೀನಿನಲ್ಲೂ ಕೆಲಸ ಮಾಡಿಸಬಹುದು. ಸಾಮಾಜಿಕ ಲೆಕ್ಕಪರಿಶೋಧನೆ ಇರುವುದರಿಂದ ಕಡತ ಕೇಳಲು ಯಾರಿಗೂ ಹಕ್ಕಿದೆ.

ಕೊರತೆ ಎಲ್ಲಿದೆಯೆಂದರೆ, ಪಂಚಾಯಿತಿಯ ಗಡಿ ಮತ್ತು ನೀರಿನ ಗಡಿ ಒಂದೇ ಅಲ್ಲ. ಹಳ್ಳದ ಮೇಲುಭಾಗ ಪಕ್ಕದ ಪಂಚಾಯಿತಿಯಲ್ಲಿದ್ದರೆ, ಕೆಳಗೆ ನೀವು ಕಟ್ಟಿದ ತಡೆ ಅಣೆ ಹೂಳು ತುಂಬಿಕೊಳ್ಳುವುದಕ್ಕೆ ಕಟ್ಟಿದಂತೆ ಆಗುತ್ತದೆ. ಎರಡನೆಯದು, ವಾರ್ಡ್ ಲೆಕ್ಕ. ಪ್ರತಿ ಸದಸ್ಯರೂ ತಮ್ಮ ವಾರ್ಡಿಗೆ ಒಂದು ಪಾಲು ಕೇಳುವುದು ಸಹಜ, ಮತ ಕೊಟ್ಟವರಿಗೆ ಅವರು ಉತ್ತರ ಹೇಳಬೇಕು. ಆದರೆ ಮಣ್ಣು ಕೊಚ್ಚಿಹೋಗುವುದು ವಾರ್ಡ್ ನೋಡಿಕೊಂಡಲ್ಲ. ಹಾಗಾಗಿ ಪಂಚಾಯಿತಿಯ ಮೂಲಕ ಹೋಗುವವರು ವಾರ್ಡ್ ಸಭೆ, ಗ್ರಾಮಸಭೆಗೆ ಮುಂಚೆಯೇ ಹಳ್ಳದ ನಕ್ಷೆಯೊಂದನ್ನು ಕೈಯಲ್ಲಿಟ್ಟುಕೊಂಡು ಹೋಗಬೇಕು. ಬರಿಗೈಯಲ್ಲಿ ಹೋದರೆ ಚರ್ಚೆ ಹೊಲದ ರಸ್ತೆಗೇ ಹೋಗಿ ನಿಲ್ಲುತ್ತದೆ.

ಜಲಾನಯನ ಸಮಿತಿ

ಮಣ್ಣು ಕೊಚ್ಚಿಹೋಗುವ ಊರುಗಳಿಗೆ ನನ್ನ ಮೊದಲ ಆಯ್ಕೆ ಇದೇ. ಜಲಾನಯನ ಎಂದರೆ ಮಳೆನೀರೆಲ್ಲ ಹರಿದು ಒಂದೇ ಹಳ್ಳ ಸೇರುವ ಪ್ರದೇಶ, ಹೆಸರಿಗೆ ತಕ್ಕಂತೆ ಇದರ ಗಡಿಯೇ ನೀರಿನ ಗಡಿ. 2008ರ ಮಾರ್ಗಸೂಚಿಯ ಪ್ರಕಾರ ಗ್ರಾಮಸಭೆ ರಚಿಸುವ ಈ ಸಮಿತಿಯಲ್ಲಿ ಕನಿಷ್ಠ 10 ಮಂದಿ ಇರಬೇಕು, ಅದರಲ್ಲಿ ಅರ್ಧದಷ್ಟು ಸ್ವಸಹಾಯ ಸಂಘ, ಬಳಕೆದಾರರ ಗುಂಪು, ಪರಿಶಿಷ್ಟರು, ಮಹಿಳೆಯರು ಮತ್ತು ಭೂಮಿಯಿಲ್ಲದವರ ಪ್ರತಿನಿಧಿಗಳು. ಭೂಮಿಯಿಲ್ಲದವರು ಯಾಕೆ ಎಂದು ಕೇಳುವವರಿದ್ದಾರೆ. ಗೋಮಾಳದಲ್ಲಿ ಕಂದಕ ತೋಡಿದರೆ ಮೊದಲು ಮೇವು ತಪ್ಪುವುದು ಕುರಿ ಸಾಕುವವರಿಗೆ. ಅವರನ್ನು ಹೊರಗಿಟ್ಟು ನೆಟ್ಟ ಗಿಡ ಉಳಿಯುವುದಿಲ್ಲ.

ಈ ಮಾರ್ಗಸೂಚಿಯಲ್ಲಿ ನನಗೆ ತುಂಬ ಹಿಡಿಸಿದ್ದು ವಂತಿಗೆಯ ನಿಯಮ. ಖಾಸಗಿ ಜಮೀನಿನಲ್ಲಿ ಮಣ್ಣು-ನೀರಿನ ಕೆಲಸ ಮಾಡಿಸಿದರೆ ಜಮೀನಿನವರು ವೆಚ್ಚದ ಶೇ 10ರಷ್ಟನ್ನು, ಪರಿಶಿಷ್ಟರು ಮತ್ತು ಸಣ್ಣ, ಅತಿಸಣ್ಣ ರೈತರಾದರೆ ಶೇ 5ರಷ್ಟನ್ನು ಜಲಾನಯನ ಅಭಿವೃದ್ಧಿ ನಿಧಿಗೆ ಹಾಕಬೇಕು. ಯೋಜನೆ ಮುಗಿದ ಮೇಲೆ ಒಡೆದ ಅಣೆ ಕಟ್ಟಲು, ಹೂಳು ತೆಗೆಸಲು ಆ ಹಣ. ನಿಮ್ಮ ಹಣ ಸರ್ಕಾರದ್ದಲ್ಲದಿದ್ದರೂ ಈ ನಿಯಮವನ್ನು ಹಾಗೆಯೇ ಎತ್ತಿಕೊಳ್ಳಿ. ಪೂರ್ತಿ ಪುಕ್ಕಟೆ ಬಂದ ಬದುವನ್ನು ಮುಂದಿನ ಉಳುಮೆಯಲ್ಲೇ ಟ್ರ್ಯಾಕ್ಟರ್ ಹತ್ತಿ ಸವರಿಬಿಡುತ್ತದೆ.

ಮೇಲಿಂದ ಕೆಳಕ್ಕೆ ಎನ್ನುವುದು ಇಲ್ಲಿ ಕೆಲಸದ ಕ್ರಮ: ಮೊದಲು ದಿಣ್ಣೆ, ಆಮೇಲೆ ಇಳಿಜಾರು, ಕೊನೆಗೆ ಹಳ್ಳ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತ ಕಟ್ಟೆಗಳನ್ನು ತೋಡಿದ್ದು ಬೆಟ್ಟದ ಮೇಲೆ. 2020ರಲ್ಲಿ ಪ್ರಧಾನಿಯ ರೇಡಿಯೊ ಭಾಷಣದಲ್ಲಿ ಅವರ ಹೆಸರು ಬಂದ ಮೇಲೆ ನಾಡಿಗೆಲ್ಲ ಗೊತ್ತಾದರು, 2022ರಲ್ಲಿ ತೀರಿಕೊಂಡರು. ಅವರ ಕಟ್ಟೆಗಳನ್ನು ಹೊಗಳುವವರು ಅವು ಇರುವ ಜಾಗವನ್ನೂ ಗಮನಿಸಬೇಕು. ನೀರು ಓಟ ಹಿಡಿಯುವ ಮುನ್ನವೇ ಅದನ್ನು ನಿಲ್ಲಿಸುವುದು ಅಗ್ಗ. ಓಟ ಹಿಡಿದ ಮೇಲೆ ಕಾಂಕ್ರೀಟೇ ಬೇಕು.

ಸಮಿತಿಯ ದೌರ್ಬಲ್ಯವೆಂದರೆ ಆಯಸ್ಸು. ಯೋಜನೆಯ ವರ್ಷಗಳು ಮುಗಿದ ಮೇಲೆ ಬಹಳಷ್ಟು ಸಮಿತಿಗಳು ಬ್ಯಾಂಕ್ ಖಾತೆಯಾಗಿ ಮಾತ್ರ ಉಳಿಯುತ್ತವೆ. ಹಳೆಯ ಸಮಿತಿಗೆ ಹೊಸ ಹಣ ಕೊಡುವ ಮುನ್ನ ಅವರ ನಿಧಿಯ ಪಾಸ್‌ಬುಕ್ ತೆರೆಸಿ ನೋಡಿ. ಯೋಜನೆ ಮುಗಿದ ಮೇಲೂ ರಿಪೇರಿಗೆಂದು ಹಣ ತೆಗೆದು ಖರ್ಚು ಮಾಡಿದ್ದರೆ ಆ ಸಮಿತಿಗೆ ಜೀವವಿದೆ. ಹಣ ಹಾಗೇ ಕೊಳೆಯುತ್ತಿದ್ದರೆ ಜೀವವಿಲ್ಲ.

ನೀರು ಬಳಕೆದಾರರ ಸಹಕಾರ ಸಂಘ

ನಾಲೆ ಸೀಮೆಯಲ್ಲಿ ಲೆಕ್ಕ ಪೂರ್ತಿ ಬೇರೆ. ಅಚ್ಚುಕಟ್ಟಿಗೆ ನೀರು ಬಂದ ಹೊಸದರಲ್ಲೇ ಜಮೀನನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳನ್ನು ಸರದಿಯಲ್ಲಿ ಬೆಳೆಸುವ ಕ್ರಮ ತಂದಿದ್ದರು. ಎಲ್ಲ ಕಡೆ ಸದಾ ನೀರು ನಿಂತರೆ ಭೂಮಿ ಕೆಡುತ್ತದೆಂಬ ಅರಿವು ಆಗಲೇ ಇತ್ತು. ಆ ಶಿಸ್ತು ಸಡಿಲವಾಗುತ್ತ ಬಂದಂತೆ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ, ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ತಲುಪುವುದೇ ಕಷ್ಟವಾಯಿತು. "ಮೇಲ್ಗಡೆಯವ್ರು ಬುಟ್ರೆ ತಾನೆ ನಮಗೆ ನೀರು" ಎನ್ನುವ ಮಾತು ಕೊನೆಭಾಗದ ಯಾವ ಊರಲ್ಲಾದರೂ ಕೇಳಿಸುತ್ತದೆ. ಒಂದೇ ಕಾಲುವೆಯ ಮೇಲೆ ಒಬ್ಬನ ಗದ್ದೆ ನೀರು ಹೆಚ್ಚಾಗಿ ಕೆಡುತ್ತದೆ, ಇನ್ನೊಬ್ಬನದು ನೀರಿಲ್ಲದೆ ಒಣಗುತ್ತದೆ.

ಈ ಎರಡೂ ತುದಿಯವರು ಒಟ್ಟಿಗೆ ಕೂರುವ ಜಾಗ ನೀರು ಬಳಕೆದಾರರ ಸಹಕಾರ ಸಂಘ ಮಾತ್ರ. ಕಾಲುವೆಯ ಉದ್ದಕ್ಕೂ ಸದಸ್ಯರಿರುವ, ನೋಂದಣಿಯಾದ, ಚುನಾವಣೆ ಮತ್ತು ಲೆಕ್ಕಪರಿಶೋಧನೆ ಇರುವ ಸಂಸ್ಥೆ ಅದು. ಹೊಲಗಾಲುವೆ ದುರಸ್ತಿ, ಗದ್ದೆಯ ಹೆಚ್ಚಿನ ನೀರನ್ನು ಹೊರಹಾಕುವ ಬಸಿಗಾಲುವೆಯ ಹೂಳು ತೆಗೆಯುವುದು, ತೂಬು ಸರಿಮಾಡುವುದು ಇದರ ಕೆಲಸ. ಬಸಿಗಾಲುವೆಗೆ ಜೆಸಿಬಿ ಬೇಕೇ ಬೇಕು. ಆದ್ದರಿಂದ ಕೂಲಿ ಆಧಾರದ ಹಣ ಇಲ್ಲಿಗೆ ಹೊಂದುವುದಿಲ್ಲ, ದಾನಿಗಳ ಹಣ ಹೊಂದುತ್ತದೆ.

ಚೌಳು ಗದ್ದೆಯನ್ನು ಹತ್ತಿರದಿಂದ ನೋಡಿದವರಿಗೆ ಬಸಿಗಾಲುವೆಯೇ ಯಾಕೆ ಮೊದಲು ಎಂದು ತಿಳಿಯುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬೂದಿ ಎರಚಿದಂತೆ ಬಿಳಿ ಪದರ, ಕಾಲಿಟ್ಟರೆ ಮೇಲೆ ಪುಡಿಪುಡಿ, ಕೆಳಗೆ ಗಟ್ಟಿ. ನಾಟಿ ಮಾಡಿದ ಪೈರಿನ ತುದಿ ಸುಟ್ಟು ಅಲ್ಲಲ್ಲಿ ಬೋಳು ತೇಪೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 8.5 ದಾಟಿದ್ದರೆ ಜಿಪ್ಸಂ ಹಾಕಿ ಎನ್ನುತ್ತಾರೆ, ಸರಿಯೇ. ಆದರೆ ಜಿಪ್ಸಂ ಸಡಿಲಿಸಿದ ಕ್ಷಾರವನ್ನು ನೀರು ಹಾಯಿಸಿ ತೊಳೆದು ಹೊರಗೆ ಕಳಿಸಬೇಕು. ಹೊರಹೋಗುವ ಬಸಿಗಾಲುವೆಯೇ ಮುಚ್ಚಿಹೋಗಿದ್ದರೆ ಅದು ಅಲ್ಲೇ ಉಳಿಯುತ್ತದೆ. ಹಾಗಾಗಿ ರೈತರಿಗೆ ಜಿಪ್ಸಂ ಚೀಲ ಹಂಚಿ ಫೋಟೊ ತೆಗೆಸಿಕೊಳ್ಳುವ ಯೋಜನೆ, ಬಸಿಗಾಲುವೆ ತೆರೆಸುವ ಯೋಜನೆ ಎರಡೂ ನಿಮ್ಮ ಮುಂದೆ ಬಂದರೆ ಕಾಲುವೆಗೆ ಮೊದಲ ವರ್ಷದ ಹಣ ಕೊಡಿ, ಜಿಪ್ಸಂಗೆ ಎರಡನೇ ವರ್ಷ.

ಬಸಿಗಾಲುವೆಯ ದೊಡ್ಡ ತೊಡಕು ಒತ್ತುವರಿ. ಒಂದು ಮೈಲಿ ಕಾಲುವೆಯಲ್ಲಿ ಒಬ್ಬರು ಎರಡು ಅಡಿ ಒತ್ತಿ ಕಬ್ಬು ಹಾಕಿದರೂ ಮೇಲಿನವರೆಲ್ಲರ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಹಣ ಬಿಡುಗಡೆಗೆ ಮುಂಚೆ ಸರ್ವೆ ಆಗಬೇಕು, ಅಂಚಿನ ಎಲ್ಲ ಜಮೀನಿನವರ ಒಪ್ಪಿಗೆ ಬರಹದಲ್ಲಿರಬೇಕು. ಒಬ್ಬರು ಒಪ್ಪದಿದ್ದರೂ ಆ ಕಾಲುವೆಯನ್ನು ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗುವುದು ಕಠಿಣವೆನಿಸಬಹುದು. ಆದರೆ ಪಕ್ಕದ ಕಾಲುವೆಯ ಕೆಲಸ ನಡೆಯುತ್ತಿರುವುದನ್ನು ಕಂಡಾಗ ಒಪ್ಪಿಗೆ ಬೇಗ ಬರುತ್ತದೆ.

ಉಳಿದ ಸಂಘಗಳು

ರೈತರೇ ಷೇರು ಹಾಕಿ ಕಟ್ಟಿಕೊಳ್ಳುವ ರೈತ ಉತ್ಪಾದಕ ಸಂಸ್ಥೆ ಬೆಳೆಗಾರನಿಗೆ ಆದಾಯ ಮರಳಿ ಕೊಡುವ ಸಂರಕ್ಷಣೆಗೆ ಹೇಳಿ ಮಾಡಿಸಿದ್ದು. ಕಬ್ಬಿನ ತರಗು ಸುಡುವ ಬದಲು ಕತ್ತರಿಸಿ ಕೂಳೆಯ ಸಾಲಿಗೆ ಹೊದಿಸುವ ಯಂತ್ರ ಬಾಡಿಗೆಗೆ ಇಡುವುದು, ಹಸಿರೆಲೆ ಗೊಬ್ಬರದ ಡಯಾಂಚ, ಅಪ್ಸೆಣಬಿನ ಬೀಜ ಹೊತ್ತಿಗೆ ಸರಿಯಾಗಿ ಒದಗಿಸುವುದು, ಕಾಂಪೋಸ್ಟ್ ಘಟಕ ನಡೆಸುವುದು. ಸಾರ್ವಜನಿಕ ಹಳ್ಳ, ಕಟ್ಟೆಗಳ ಕೆಲಸವನ್ನು ಇದಕ್ಕೆ ಕೊಡಬೇಡಿ. ಷೇರುದಾರರಲ್ಲದವರ ಹೊಲಕ್ಕೆ ಅದು ಯಾಕೆ ದುಡಿಯಬೇಕು? ಸಿಎಸ್‌ಆರ್‌ನವರು ಇನ್ನೊಂದನ್ನು ಗಮನಿಸಬೇಕು: ಮಣ್ಣಿನ ಗುಣ ಕಾಪಾಡುವುದು 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ಇದೆ, ಆದರೆ ಕಾರ್ಯಗತಗೊಳಿಸುವ ಸಂಸ್ಥೆಗಳ ಪಟ್ಟಿಯಲ್ಲಿ ಉತ್ಪಾದಕ ಕಂಪನಿ ಇಲ್ಲ. ನೋಂದಾಯಿತ ಟ್ರಸ್ಟ್, ಸೊಸೈಟಿ ಅಥವಾ ಲಾಭಕ್ಕಾಗಿ ನಡೆಯದ ಸೆಕ್ಷನ್ 8 ಕಂಪನಿಯೊಂದರ ಮೂಲಕ ಹೋಗಬೇಕಾಗುತ್ತದೆ.

ಮಹಿಳಾ ಸ್ವಸಹಾಯ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟಗಳಿಗೆ ಸಣ್ಣ ಮೊತ್ತ ಕೊಟ್ಟು ನೋಡಿ ಎಂದು ಒತ್ತಿ ಹೇಳುತ್ತೇನೆ. ಸಸಿಮಡಿ, ಬೀಜ ಕಾಪಿಡುವುದು, ಬದುವಿನ ಮೇಲೆ ಗೊಬ್ಬರದ ಗಿಡ ಬೆಳೆಸುವುದು ಹೇಗೂ ಹೆಣ್ಣುಮಕ್ಕಳ ದುಡಿಮೆ. ಪಹಣಿ ಮಾತ್ರ ಅವರ ಹೆಸರಿನಲ್ಲಿಲ್ಲ. ಜಮೀನಿನ ದಾಖಲೆ ಕೇಳದೆ ಕೆಲಸಕ್ಕೆ ಹಣ ಕೊಡುವ ದಾರಿ ಇದೊಂದೇ. ಹಾಲು ಉತ್ಪಾದಕರ ಸಹಕಾರ ಸಂಘ, ಅಂದರೆ ಊರಿನ ಡೈರಿ, ಲೆಕ್ಕಪತ್ರದಲ್ಲಿ ಬಹುಶಃ ಎಲ್ಲಕ್ಕಿಂತ ಚೊಕ್ಕ. ಮೇವಿನ ಗಿಡ, ಗೋಮಾಳದ ಹುಲ್ಲು ಇಂಥದ್ದಕ್ಕೆ ಸಾಕು, ಅದಕ್ಕಿಂತ ಹೆಚ್ಚು ಹೊರಿಸಬಾರದು. ಕೆರೆ ಬಳಕೆದಾರರ ಸಂಘ ಇರುವ ಕಡೆ ಕೆರೆಯ ಹೂಳು, ಅಂದರೆ ಗೋಡುಮಣ್ಣು, ಹೊಲಕ್ಕೆ ಹೊಡೆಸುವ ಕೆಲಸ ಅವರದೇ ಆಗಬೇಕು, ಯಾಕೆಂದರೆ ಯಾರಿಗೆ ಎಷ್ಟು ಲೋಡು ಎನ್ನುವ ಜಗಳ ಬಿಡಿಸಲು ಹೊರಗಿನವರಿಂದ ಆಗದು.

ಮೈಸೂರು ಜಿಲ್ಲೆಯ ಪಶ್ಚಿಮಕ್ಕೆ ಹೋದರೆ ಪಟ್ಟಿ ಮತ್ತೆ ಬದಲಾಗುತ್ತದೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಹದಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು, ಅಲ್ಲಿ ಹೊಲದಂಚಿನಲ್ಲಿ ಸೌದೆಮರ ಬೆಳೆಸುವುದೇ ಮೊದಲ ಸಂರಕ್ಷಣೆ.

ಹಂಚುವ ಬಗೆ

ಸಂಘ ಯಾವುದೇ ಆಗಲಿ, ಹಣ ಹಂಚಲು ನಮ್ಮಲ್ಲಿ ನಾಲ್ಕು ರೂಢಿಗಳಿವೆ. ಮನೆಗಿಷ್ಟು ಎಂದು ಸಮಪಾಲು, ಅರ್ಜಿ ಬಂದ ಸರದಿ, ಕೆಲಸ ಮುಗಿಸಿ ಬಿಲ್ ತಂದವರಿಗೆ ಪಾವತಿ, ಮತ್ತು ಅಂಕ ಹಾಕಿ ಆಯ್ಕೆ.

ಸಮಪಾಲಿನಲ್ಲಿ ಜಗಳವಿಲ್ಲ, ಕೆಲಸವೂ ಆಗುವುದಿಲ್ಲ. ಕೈಯಲ್ಲಿ 15 ಲಕ್ಷ ರೂಪಾಯಿ ಇದೆ, ಊರಲ್ಲಿ 300 ಮನೆ ಎಂದುಕೊಳ್ಳಿ. ಮನೆಗೆ 5,000. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದೇ ಹಣವನ್ನು ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕದ ಎರಡನೇ ಹಂತದಲ್ಲಿ ಬಯಲುಸೀಮೆಗೆ ಗೊತ್ತುಮಾಡಿದ ಹೆಕ್ಟೇರಿಗೆ 22,000 ರೂಪಾಯಿಯ ದರದಲ್ಲಿ ನೋಡಿದರೆ 68 ಹೆಕ್ಟೇರ್, ಅಂದರೆ ಸುಮಾರು 168 ಎಕರೆ ಪೂರ್ತಿ ಉಪಚಾರವಾಗುತ್ತದೆ. ಒಂದು ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗೆ 168 ಎಕರೆ ಸರಿಹೋದರೆ ಕೆಳಗಿನವರ ಹೊಲಕ್ಕೆ ಮರಳು ಬಂದು ಬೀಳುವುದು ನಿಲ್ಲುತ್ತದೆ, ಬಾವಿಗೆ ನೀರು ಬರುತ್ತದೆ. ಹಣ ಮುಟ್ಟದ ಮನೆಗೂ ಫಲ ಮುಟ್ಟುತ್ತದೆ. ಇದನ್ನು ಊರಿನ ಮುಂದೆ ಲೆಕ್ಕ ಹಾಕಿ ತೋರಿಸಬೇಕು. ತೋರಿಸಿದರೆ ಜನ ಒಪ್ಪುತ್ತಾರೆ.

ಅರ್ಜಿಯ ಸರದಿಯಲ್ಲಿ ಗೆಲ್ಲುವವರು ಪಹಣಿ ಚೊಕ್ಕವಿರುವವರು. ತಾತನ ಹೆಸರಿನಲ್ಲೇ ಜಮೀನು ಉಳಿದು ಪೌತಿ ಖಾತೆಯಾಗದವರು, ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಜಮೀನು ಮಾಡುವವರು, ಗಂಡ ತೀರಿಕೊಂಡ ಹೆಣ್ಣುಮಕ್ಕಳು ಕಚೇರಿಯ ಬಾಗಿಲಲ್ಲೇ ಉಳಿಯುತ್ತಾರೆ. ವಿಷಾದವೆಂದರೆ ಹೆಚ್ಚು ಕೊರೆದುಹೋದ ಹೊಲಗಳು ಬಹಳ ಸಲ ಇವರವೇ. ಬಿಲ್ ತಂದ ಮೇಲೆ ಪಾವತಿಯೂ ಅಷ್ಟೇ, ಮೊದಲೇ ಕೈಯಿಂದ ಹಾಕಲು ಶಕ್ತಿಯಿದ್ದವರಿಗೆ ಮಾತ್ರ.

ಆದ್ದರಿಂದ ಅಂಕದ ಪದ್ಧತಿಯೇ ಮೇಲು, ಆದರೆ ಅಂಕವನ್ನು ರೈತನಿಗೆ ಹಾಕಬಾರದು, ತಾಕಿಗೆ, ಅಂದರೆ ಜಮೀನಿನ ತುಂಡಿಗೆ, ಹಾಕಬೇಕು. ನೂರಕ್ಕೆ ನಾನಾದರೆ ಹೀಗೆ ಕೊಡುತ್ತೇನೆ: ಈಗ ಎಷ್ಟು ಕೆಡುತ್ತಿದೆ ಎನ್ನುವುದಕ್ಕೆ 40, ಇಲ್ಲಿ ಕೆಲಸವಾದರೆ ಕೆಳಗೆ ಎಷ್ಟು ಹೊಲಕ್ಕೆ ಅನುಕೂಲ ಎನ್ನುವುದಕ್ಕೆ 30, ತಾಕಿನ ಎಲ್ಲರೂ ಒಪ್ಪಿದ್ದಾರೆಯೇ ಎನ್ನುವುದಕ್ಕೆ 20, ಮುಂದೆ ನೋಡಿಕೊಳ್ಳುವವರು ಯಾರು ಎನ್ನುವುದಕ್ಕೆ 10. ಅಂಕ ಹಾಕುವುದು ಕಚೇರಿಯಲ್ಲಿ ಕೂತಲ್ಲ, ಹೊಲದಲ್ಲಿ ನಡೆಯುತ್ತಾ. ತಂಡದಲ್ಲಿ ಒಬ್ಬರಾದರೂ ಪಕ್ಕದ ಊರಿನವರು ಇರಲಿ, ಸ್ವಂತ ಜಮೀನು ಬಂದಾಗ ಆ ಸದಸ್ಯರು ಹಿಂದೆ ಸರಿಯಲಿ. ಪಟ್ಟಿಯನ್ನು ಡೈರಿಯ ಗೋಡೆಗೆ ಅಂಟಿಸಿ, ಎರಡು ವಾರ ಆಕ್ಷೇಪಣೆಗೆ ಬಿಡಿ. ಮುಂಜಾನೆ, ಸಂಜೆ ಹಾಲು ಹಾಕಲು ಬರುವವರೆಲ್ಲ ಓದುತ್ತಾರೆ.

ಫಲ ಸಿಕ್ಕಿತೇ ಎಂದು ನೋಡುವುದು

ಹಣ ಕೊಡುವವರು ವರದಿ ಕೇಳುತ್ತಾರೆ, ಸಂಘದವರು ಉದ್ಘಾಟನೆಯ ಫೋಟೊ ಕಳಿಸುತ್ತಾರೆ. ಅದಕ್ಕಿಂತ ಒಂದು ಕಬ್ಬಿಣದ ಸರಳು ಹೆಚ್ಚು ಹೇಳುತ್ತದೆ. ಮಳೆಗಾಲಕ್ಕೆ ಮುಂಚೆ ಇಳಿಜಾರಿನ ಹೊಲದಲ್ಲಿ ಉಳುಮೆ ತಾಗದ ಜಾಗ ನೋಡಿ ಒಂದೂವರೆ ಅಡಿ ಸರಳನ್ನು ನೆಲಕ್ಕೆ ಹೊಡೆದು, ನೆಲದ ಮಟ್ಟಕ್ಕೆ ಬಣ್ಣದ ಗೆರೆ ಹಾಕಿ. ಮಳೆಗಾಲ ಮುಗಿದ ಮೇಲೆ ಗೆರೆ ನೆಲದಿಂದ ಎಷ್ಟು ಮೇಲೆ ಬಂದಿದೆ ಅಳೆಯಿರಿ. ಎಕರೆ ಪೂರ್ತಿ ಒಂದೇ ಒಂದು ಮಿಲಿಮೀಟರ್ ಇಳಿದಿದ್ದರೂ ಸುಮಾರು ಐದೂವರೆ ಟನ್ ಮೇಲ್ಮಣ್ಣು ಹೋಗಿದೆ ಎಂದರ್ಥ. ಬದು ಹಾಕಿದ ಹೊಲದಲ್ಲಿ, ಹಾಕದ ಹೊಲದಲ್ಲಿ ಒಂದೊಂದು ಕಡೆ ನಾಲ್ಕಾರು ಸರಳು ಇಟ್ಟರೆ ಯಾವ ಎಂಜಿನಿಯರೂ ಬೇಡ, ಊರಿನ ಹೈಸ್ಕೂಲು ಮಕ್ಕಳೇ ಅಳೆಯುತ್ತಾರೆ. ನಾಲೆ ಸೀಮೆಯಲ್ಲಾದರೆ ಅದೇ ತಾಕಿನ ಮಣ್ಣನ್ನು ಕೆಲಸಕ್ಕೆ ಮುಂಚೆ ಒಮ್ಮೆ, ಎರಡು ವರ್ಷದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ರಸಸಾರ, ಲವಣಾಂಶ, ಸಾವಯವ ಇಂಗಾಲ ಮೂರು ಸಾಕು. ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಚೆನ್ನ.

ಗಿಡಗಳಿಗೆ ನೆಟ್ಟ ಲೆಕ್ಕದಲ್ಲಿ ಹಣ ಕೊಡಬೇಡಿ. ನೆಟ್ಟಾಗ ಅರ್ಧ, ಎರಡನೇ ಬೇಸಿಗೆ ದಾಟಿ ಬದುಕಿರುವ ಗಿಡಗಳನ್ನು ಎಣಿಸಿ ಉಳಿದರ್ಧ ಎಂದು ಮೊದಲೇ ಬರೆದುಕೊಳ್ಳಿ. ಬದುವಿನ ಮೇಲೆ ಯಾವ ಗಿಡ ಎಂದು ಪಕ್ಕದ ಹೊಲದವರನ್ನೂ ಕೇಳಿ ನಿರ್ಧರಿಸಿ. ನೆರಳು ಬಿತ್ತೆಂದು ರಾತ್ರೋರಾತ್ರಿ ಕಡಿದುಹೋದ ಹೊಂಗೆ, ಬೇವು ಕಡಿಮೆಯೇನಲ್ಲ.

ಕಂತುಗಳನ್ನು ಕಾಲಕ್ಕೆ ಹೊಂದಿಸುವುದು ಕೊನೆಯ ಮಾತಾದರೂ ಚಿಕ್ಕದಲ್ಲ. ಬದು, ಕಂದಕದ ಕೆಲಸ ಸುಗ್ಗಿ ಮುಗಿದ ಮೇಲೆ ಶುರುವಾಗಿ ಮುಂಗಾರಿಗೆ ಮುಂಚೆ ಮುಗಿಯಬೇಕು. ಕಾಲುವೆಯ ಕೆಲಸ ನಾಲೆಯಲ್ಲಿ ನೀರು ನಿಲ್ಲಿಸಿದ ಬೇಸಿಗೆಯ ದಿನಗಳಲ್ಲಿ ಮಾತ್ರ ಸಾಧ್ಯ. ಹಣಕಾಸು ವರ್ಷದ ಕೊನೆಗೆ, ಮಾರ್ಚ್ ತಿಂಗಳಲ್ಲಿ ಅವಸರವಾಗಿ ಬಿಡುಗಡೆಯಾಗುವ ಹಣ ಈ ಎರಡಕ್ಕೂ ತಡವೇ. ಆದ್ದರಿಂದ ನಡಿಗೆ, ಅಂಕ, ಒಪ್ಪಿಗೆ ಪತ್ರಗಳೆಲ್ಲ ದೀಪಾವಳಿಯ ಹೊತ್ತಿಗೆ ಮುಗಿಯಲಿ, ಮೊದಲ ಕಂತು ಸಂಕ್ರಾಂತಿಯ ಒಳಗೆ ಸಂಘದ ಖಾತೆಯಲ್ಲಿರಲಿ, ಎರಡನೆಯದು ಕೆಲಸ ಅರ್ಧವಾದಾಗ. ಕೊನೆಯ ಶೇ 10ನ್ನು ಸಂಘಕ್ಕೆ ಕೊಟ್ಟು ಮುಗಿಸದೆ, ಮೊದಲ ಮಳೆಗಾಲದಲ್ಲಿ ಒಡೆದದ್ದನ್ನು ಕಟ್ಟಲು ತೆಗೆದಿಡಿ.